ಮೆಟ್ಟಿಲ ಕೆಳಗೆ ಹಿಡಿಯದ ಮೇಜು

ನಮ್ಮ ಮನೆಯ ಮೆಟ್ಟಿಲ ಕೆಳಗಿನ ಮೂಲೆಯನ್ನು ಒಂದೇ ವಾರದಲ್ಲಿ ಅರಮನೆಯ ಓದುಕೋಣೆಯಂತೆ ಮಾಡಿಬಿಡುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಬಟಾಣಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ. ಒಂದು ಮಹಾ ಸಂಕಲ್ಪಕ್ಕೆ ಸಿಗಬೇಕಾದ ಗೌರವ ಇದಲ್ಲ ಎನ್ನಿಸಿತು. ಆದರೆ ಇತಿಹಾಸ ನಿರ್ಮಿಸಲು ಹೊರಟವರು ಬಟಾಣಿಗೆಲ್ಲ ಬೇಜಾರು ಮಾಡಿಕೊಳ್ಳಬಾರದು!

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಹತ್ತೊಂಬತ್ತು ವರ್ಷಗಳ ಸೇವೆ. ನಾನು ಪೇಟೆಬೀದಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ. ಹಾಲಿನಂಗಡಿಯವನು ತಳ ನೆಗ್ಗಿದ ಲೀಟರ್ ಪಾತ್ರೆಯನ್ನು ಬೆನ್ನ ಹಿಂದೆ ಅಡಗಿಸಿ, ಕೇಳದಿದ್ದರೂ ನಮಸ್ಕಾರ ಮಾಡುತ್ತಾನೆ. ಈ ಸಂಕಲ್ಪದ ಹಿಂದಿನ ದಿನವಷ್ಟೇ ಒಂದು ಪರದೆ ಬಟ್ಟೆಯ ಅಂಗಡಿಗೆ ನುಗ್ಗಿ ಅವನ ಟೇಪನ್ನು ವಶಪಡಿಸಿಕೊಂಡಿದ್ದೆ. ಮಹಾನುಭಾವ ಟೇಪಿನ ನಡುವಿನ ಐದು ಸೆಂಟಿಮೀಟರ್ ಕತ್ತರಿಸಿ ಎಸೆದು, ಎರಡು ತುದಿಗಳನ್ನು ಗೊತ್ತಾಗದ ಹಾಗೆ ಹೊಲಿದಿದ್ದ! ನಲವತ್ತೆರಡು ಆದಮೇಲೆ ನೇರವಾಗಿ ನಲವತ್ತೆಂಟು. ಮೀಟರಿಗೆ ಐದು ಸೆಂಟಿಮೀಟರಿನಂತೆ ಊರಿನ ಕಿಟಕಿಗಳನ್ನೆಲ್ಲ ಅರೆಬೆತ್ತಲೆ ಮಾಡಿದ್ದ. ಆ ಅಂಗಡಿಯ ಮುಂದೆ ನೆರೆದ ಜನರೆದುರು ನಾನು ಮಾಡಿದ ಭಾಷಣವನ್ನು ನೀವು ಕೇಳಬೇಕಿತ್ತು.

ನನ್ನ ಹೆಂಡತಿಯದು ಪ್ರೂಫ್ ತಿದ್ದುವ ಕೆಲಸ. ಪುಸ್ತಕ ಅಚ್ಚಾಗುವ ಮೊದಲು ಅದರ ಪುಟಗಳು ನಮ್ಮ ಮನೆಗೆ ಬರುತ್ತವೆ. ಅವಳು ಕೆಂಪು ಪೆನ್ನು ಹಿಡಿದು ಕೂತರೆ ತಪ್ಪಾದ ಅಕ್ಷರಗಳು ಒಂದೊಂದಾಗಿ ಎದ್ದು ನಿಂತು ತಪ್ಪೊಪ್ಪಿಕೊಳ್ಳುತ್ತವೆ. ಆದರೆ ಈ ಕೆಲಸಕ್ಕೆ ಅವಳಿಗಿದ್ದದ್ದು ಊಟದ ಮೇಜು. ದಿನಕ್ಕೆ ಮೂರು ಸಲ ಪುಟಗಳನ್ನು ಜೋಡಿಸಿ ಎತ್ತಿಡಬೇಕು, ಮೂರು ಸಲ ಮತ್ತೆ ಹರಡಬೇಕು. ಕಳೆದ ಸಲ ಒಂದು ಪಠ್ಯಪುಸ್ತಕದ ನೂರ ಹದಿನಾಲ್ಕನೆಯ ಪುಟದ ಮೇಲೆ ನಾನು ಕಾಫಿ ಲೋಟ ಇಟ್ಟೆ, ಅದು ಲೋಟಕ್ಕೆ ಅಂಟಿಕೊಂಡು ಅಡುಗೆಮನೆಗೆ ಹೋಯಿತು, ಪುಸ್ತಕ ನೂರ ಹದಿನಾಲ್ಕು ಇಲ್ಲದೆಯೇ ಪ್ರೆಸ್ಸಿಗೆ ಹೋಯಿತು. ಪ್ರೆಸ್ಸಿನವರು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರಂತೆ. ಅವರು ಮರ್ಯಾದೆಯಿಂದ ಮಾತಾಡಿದರೆ ಅದು ಕೊನೆಯ ಎಚ್ಚರಿಕೆ ಎಂದು ಹೆಂಡತಿ ಹೇಳಿದಳು.

ಈಗ ಬರುವ ಸೋಮವಾರದಿಂದ ಒಂದು ನಿಘಂಟು. ಒಂಬೈನೂರು ಪುಟ. ಎರಡು ವರ್ಷದ ಕೆಲಸ. ಅವಳು ಹತ್ತು ವರ್ಷದಿಂದ ಆಸೆಪಟ್ಟು ಕಾದಿದ್ದ ಕೆಲಸ. ಒಂದು ಪುಟ ಕಳೆದರೂ ಅದು ಕೈಬಿಟ್ಟು ಹೋಗುತ್ತದೆ.

"ನನಗೊಂದು ಜಾಗ ಬೇಕು ರೀ," ಎಂದಿದ್ದಳು. "ಇಟ್ಟಿದ್ದು ಇಟ್ಟಲ್ಲೇ ಇರೋ ಅಂಥ ಜಾಗ. ಆ ಕಿಟಕಿ ಹತ್ತಿರ ಒಂದು ಮೇಜು ಹಾಕಿದರೆ ಸಾಕು."

ಕಿಟಕಿಯ ಹತ್ತಿರ! ನಮ್ಮ ಮನೆಯಲ್ಲಿ ಬೆಳಕು, ಗಾಳಿ, ಬೀದಿಯ ನೋಟ ಮೂರೂ ಒಟ್ಟಿಗೆ ಸಿಗುವುದು ಗೋಡೆಗೂ ಕಪಾಟಿಗೂ ನಡುವಿನ ಆ ಒಂದೇ ಕಿಟಕಿಯಲ್ಲಿ. ಅಲ್ಲಿ ನನ್ನ ಆರಾಮಕುರ್ಚಿ ಇದೆ. ಕಚೇರಿಯಿಂದ ಬಂದಮೇಲೆ ನಾನು ಅಲ್ಲಿ ಪತ್ರಿಕೆಯನ್ನು ಮುಖದ ಮೇಲೆ ಹಾಕಿಕೊಂಡು ದೇಶದ ಬಗ್ಗೆ ಚಿಂತಿಸುತ್ತೇನೆ. ಚಿಂತನೆಯ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತದೆ ಎಂದು ಮಗಳು ಹೇಳುತ್ತಾಳೆ. ಅವಳು ಹೈಸ್ಕೂಲು, ನಾಲಿಗೆ ಮಾತ್ರ ಕಾಲೇಜು.

ನಾನು ಭಾನುವಾರದ ಪುರವಣಿಗಳಲ್ಲಿ 'ಚಿಕ್ಕ ಮನೆಗೆ ಚೊಕ್ಕ ಉಪಾಯ'ಗಳನ್ನು ಓದುವವನು. ಓಣಿಯಂಥ ಜಾಗದ ಕೊನೆಗೆ ದೊಡ್ಡ ಕನ್ನಡಿ ಹಾಕಿದರೆ ಜಾಗ ಎರಡು ಪಟ್ಟು ಕಾಣುತ್ತದೆ ಎಂದು ಓದಿ ಹಿಂದಿನ ವರ್ಷ ಹಾಕಿಸಿದ್ದೆ. ನಮ್ಮಕ್ಕ ಬಂದವಳು, ಎದುರಿಗೆ ಯಾರೋ ಹೆಂಗಸು ಬರುತ್ತಿದ್ದಾರೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆ ಹೆಂಗಸೂ ಸರಿದು ದಾರಿ ಬಿಟ್ಟಳು. ಇಬ್ಬರೂ ಸೌಜನ್ಯವಂತರು, ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಆ ಅನುಭವದ ಬಲದಿಂದ ನಾನು ಹೆಂಡತಿಗೆ ತಿಳಿಹೇಳಿದೆ: ಬಳಕೆಯಲ್ಲಿರುವ ಜಾಗವನ್ನು ಬಳಸುವುದು ಯಾರಿಗೆ ಬೇಕಾದರೂ ಬರುತ್ತದೆ, ವ್ಯರ್ಥವಾದ ಜಾಗವನ್ನು ಬಳಸುವುದೇ ವಿನ್ಯಾಸ. ಮೆಟ್ಟಿಲ ಕೆಳಗಿನ ಮೂಲೆ ಇರುವುದೇ ಅದಕ್ಕೆ.

"ಅಲ್ಲಿ ಬೆಳಕಿಲ್ಲ," ಎಂದಳು.

"ಬಲ್ಬು ಹಾಕೋಣ."

"ಗಾಳಿ?"

"ಫ್ಯಾನು."

"ತಲೆ ತಗಲುತ್ತೆ."

"ಪ್ರೂಫ್ ತಿದ್ದೋರು ಹೇಗೂ ತಲೆ ಬಗ್ಗಿಸಿಯೇ ಕೂರ್ತಾರಲ್ಲ," ಎಂದೆ. ನನ್ನ ಕುರ್ಚಿ ಉಳಿದ ಸಂತೋಷದಲ್ಲಿ ಆಡಿದ ಮಾತು ಅದು. ಈಗ ನೆನೆಸಿಕೊಂಡರೆ ನನಗೇ ನನ್ನ ಕಿವಿ ಹಿಂಡಬೇಕು ಅನ್ನಿಸುತ್ತದೆ.

ಮೊದಲು ಆ ಮೂಲೆಯನ್ನು ಖಾಲಿ ಮಾಡಬೇಕಿತ್ತು. ಅಲ್ಲಿಂದ ಹೊರಬಂದದ್ದು ಕಡ್ಡಿ ಮುರಿದ ನಾಲ್ಕು ಕೊಡೆಗಳು, ತಳವಿಲ್ಲದ ಬಕೆಟ್ಟು, ಒಂಟಿ ಬೂಟು, ನಾವು ಯಾವತ್ತೂ ಕೊಂಡಿಲ್ಲದ ಒಂದು ಸೈಕಲ್ಲಿನ ಪೆಡಲು. ಅದನ್ನೆಲ್ಲ ಅಟ್ಟಕ್ಕೆ ಸಾಗಿಸಿದೆವು. ಆಮೇಲೆ ನಾನು ಕಚೇರಿಯ ಚೀಲದಿಂದ ಹಳದಿ ಟೇಪನ್ನು ತೆಗೆದೆ. ಹೆಂಡತಿ ಒಂದು ತುದಿ ಹಿಡಿದಳು. ನಾನು ಮಂಡಿಯೂರಿ, ತೆವಳಿ, ಮೂರು ಸಲ ತಲೆ ಚಚ್ಚಿಕೊಂಡು ಅಳತೆ ತೆಗೆದೆ. ಉದ್ದ ನೂರ ಐವತ್ತು. ಎತ್ತರದ ಕಡೆ ನೂರ ಎಪ್ಪತ್ತೈದು, ಅಲ್ಲಿಂದ ಮೆಟ್ಟಿಲ ಜೊತೆಗೇ ಇಳಿಜಾರು. ಕೊನೆಯ ಅಂಕಿಯನ್ನು ಗಟ್ಟಿಯಾಗಿ ಓದಿ, ನ್ಯಾಯಾಧೀಶನ ಗತ್ತಿನಲ್ಲಿ ಬರೆದುಕೊಂಡೆ. ಹೆಂಡತಿ ಟೇಪನ್ನು ನಿಧಾನವಾಗಿ ಸುತ್ತಿದಳು. ಸುತ್ತುವಾಗ ಒಂದು ಕ್ಷಣ ತಡೆದು, ಕಿಟಕಿಯ ಕಡೆ ನೋಡಿ, "ಸರಿ, ನಿಮ್ಮ ಅಳತೆಯಂತೆಯೇ ಆಗಲಿ," ಎಂದಳು.

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಸುಲಭವಾಗಿ ಒಪ್ಪಿದ್ದು ಅದೇ ಮೊದಲು. ನಾನು ಅದನ್ನು ನನ್ನ ವಾದದ ಗೆಲುವೆಂದು ತಿಳಿದೆ.

ನಕ್ಷೆ ಬರೆಯಲು ಎರಡು ಗಂಟೆ ಹಿಡಿಯಿತು. ಮೇಜು, ಅದರ ಕೆಳಗೆ ಆರು ಡ್ರಾಯರು, ಮೇಲೆ ಮೆಟ್ಟಿಲಿನ ಇಳಿಜಾರಿಗೆ ಸರಿಯಾಗಿ ಇಳಿಯುತ್ತಾ ಹೋಗುವ ಪುಸ್ತಕದ ಗೂಡುಗಳು. ಎಲ್ಲವೂ ಒಂದೇ ಮೈಯಾಗಿ ಜೋಡಿಸಿದ್ದು. ಹೆಂಡತಿಗೆ ತೋರಿಸಿದೆ. ಅವಳು ಕೆಂಪು ಪೆನ್ನು ತೆಗೆದು ನನ್ನ ಕಾಗುಣಿತದ ತಪ್ಪು ನಾಲ್ಕನ್ನು ತಿದ್ದಿ, ಒಂದು ಅರ್ಧವಿರಾಮ ಸೇರಿಸಿ, ವಾಪಸ್ ಕೊಟ್ಟಳು. ಅಂಕಿಗಳ ತಂಟೆಗೆ ಹೋಗಲಿಲ್ಲ.

ಬಡಗಿ ವಯಸ್ಸಾದ ಮನುಷ್ಯ. ಮರ ಮಾತಾಡಿದರೂ ಮಾತಾಡೀತು, ಅವನು ಮಾತಾಡುವುದು ಕಡಿಮೆ. ಒಮ್ಮೆ ಮನೆಗೆ ಬಂದು ಜಾಗ ನೋಡಿ ಹೋಗುತ್ತೇನೆ ಎಂದ. ನನಗೆ ಪಿತ್ತ ನೆತ್ತಿಗೇರಿತು. ಅಳತೆಯ ಇಲಾಖೆಯವನು ಸ್ವಂತ ಕೈಯಿಂದ ಅಳೆದು, ಬರೆದು, ಕೆಳಗೆ ರುಜು ಹಾಕಿ, ತಾರೀಖು ನಮೂದಿಸಿ ಕೊಟ್ಟ ಮೇಲೂ ನೋಡುವುದಿನ್ನೇನು? ಈ ಕೈ ಅಳೆದದ್ದನ್ನು ಕೋರ್ಟು ಕೂಡ ಪ್ರಶ್ನಿಸುವುದಿಲ್ಲ ಎಂದೆ. ಬಡಗಿ ಚೀಟಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಅದನ್ನು ಮಡಿಸಿ ಅಂಗಿಯ ಒಳಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡ. ಇಷ್ಟು ಗೌರವದಿಂದ ಚೀಟಿ ಇಟ್ಟುಕೊಂಡ ಬಡಗಿಯನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಮೇಜು ಬಂತು. ಸುಂದರವೆಂದರೆ ಸುಂದರ! ಡ್ರಾಯರುಗಳು ಬೆಣ್ಣೆಯಲ್ಲಿ ಜಾರಿದಂತೆ ಜಾರುತ್ತಿದ್ದವು. ಮಗಳು ಗೂಡುಗಳನ್ನು ಸವರಿ ನೋಡಿ, ಅಪ್ಪನ ಐಡಿಯಾ ಅಂತ ನಂಬೋಕೇ ಆಗಲ್ಲ ಎಂದಳು. ನಾನು ಅದನ್ನು ಹೊಗಳಿಕೆಯ ಖಾತೆಗೆ ಹಾಕಿಕೊಂಡೆ.

ಮೇಜನ್ನು ಮೆಟ್ಟಿಲ ಕೆಳಗೆ ತಳ್ಳಿದೆವು. ಹೋಗಲಿಲ್ಲ. ಹಿಂದಕ್ಕೆಳೆದು ಮತ್ತೆ ತಳ್ಳಿದೆವು. ಒಪ್ಪಲಿಲ್ಲ. ಮೂರು ಬೆರಳಿನಷ್ಟು ಉದ್ದ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು. ಬಡಗಿ ನಿಂತು ಗಲ್ಲ ಕೆರೆದುಕೊಂಡ. ಓರೆಯಾಗಿ ತೂರಿಸಿದರೆ ಹೋಗುತ್ತದೆ ಎಂದು ನಾನು ಅಪ್ಪಣೆ ಕೊಟ್ಟೆ. ಮೆಟ್ಟಿಲಿನ ಎತ್ತರದ ಕಡೆಗೆ ಅಂಟಿಕೊಂಡೇ ಬಚ್ಚಲಿನ ಬಾಗಿಲಿದೆ. ನಾನು ಬಚ್ಚಲೊಳಗೆ ನಿಂತು ಆ ಕಡೆಯಿಂದ ಒತ್ತುವುದು, ಬಡಗಿ ಈ ಕಡೆಯಿಂದ ಎಳೆಯುವುದು. ಇದು ಯೋಜನೆ. "ಒಂದು, ಎರಡು, ಮೂರು" ಎಂದೆ. ದಢಾರನೆ ಸದ್ದಾಯಿತು. ಮೇಜಿನ ಒಂದು ತುದಿ ಮೆಟ್ಟಿಲಿನ ಇಳಿಜಾರಿಗೆ ಕಚ್ಚಿಕೊಂಡಿತು, ಎತ್ತರದ ಗೂಡುಗಳ ತುದಿ ಬಚ್ಚಲಿನ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ನಾನು ಒಳಗೆ ಉಳಿದೆ!

ಎಳೆದರು, ತಳ್ಳಿದರು, ಹೆಂಡತಿಯೂ ಕೈಹಾಕಿದಳು. ಮೇಜು ಮಿಸುಕಲಿಲ್ಲ. ಗೂಡುಗಳ ಮೇಲೆ ಉಳಿದ ಸಂದಿಯಲ್ಲಿ ನನ್ನ ಹಣೆ ಮತ್ತು ಎರಡು ಕಣ್ಣುಗಳು ಮಾತ್ರ ಸಂಸಾರದ ಸಂಪರ್ಕದಲ್ಲಿದ್ದವು. ಬಡಗಿ ತನ್ನ ಟೇಪು ತೆಗೆದು ಮೇಜು ಅಳೆದ. ನೂರ ಐವತ್ತು. ಮೆಟ್ಟಿಲ ಕೆಳಗೆ ಬಗ್ಗಿ ಅಳೆದ. ನೂರ ನಲವತ್ತೈದು. ಒಳಜೇಬಿನಿಂದ ಚೀಟಿ ತೆಗೆದು, ಬಿಡಿಸಿ, ನನ್ನ ಕಣ್ಣುಗಳಿಗೆ ಕಾಣುವಂತೆ ಎತ್ತಿಹಿಡಿದ.

"ಸಾರ್, ಮೇಜು ನೀವು ಬರೆದ ಹಾಗೇ ಇದೆ," ಎಂದ. "ಮನೆ ಐದು ಸೆಂಟಿಮೀಟರ್ ಕಡಿಮೆ ಬಿದ್ದಿದೆ."

ನನ್ನೊಳಗಿನ ಇನ್ಸ್‌ಪೆಕ್ಟರ್ ಬಚ್ಚಲಿನಲ್ಲೂ ಜಾಗೃತನಾಗಿದ್ದ. ಮನೆ ಕಡಿಮೆಯಾಗಲು ಸಾಧ್ಯವಿಲ್ಲ. ಆದ್ದರಿಂದ ನಿನ್ನ ಟೇಪು ಸುಳ್ಳು ಟೇಪು ಎಂದೆ. ಯಾವ ಅಂಗಡಿಯಲ್ಲಿ ಕೊಂಡೆ, ಯಾವಾಗ ಕೊಂಡೆ, ಮುದ್ರೆ ಇದೆಯೇ ಎಂದು ವಿಚಾರಣೆ ಶುರುಮಾಡಿದೆ. ಹೊರಬಂದ ಕೂಡಲೇ ಅದನ್ನು ವಶಪಡಿಸಿಕೊಳ್ಳುತ್ತೇನೆ ಎಂದು ನೋಟೀಸನ್ನೂ ಬಾಯಲ್ಲೇ ಕೊಟ್ಟೆ. ಬಡಗಿ ಕೋಪಿಸಿಕೊಳ್ಳಲಿಲ್ಲ. ಮೊದಲು ಸಾರ್ ಹೊರಗೆ ಬರಲಿ, ಅದಕ್ಕೆ ಬೇಕಾದ ಉಳಿ, ಸನ್ನೆಕೋಲು ಮನೆಯಲ್ಲಿವೆ, ಹೇಗೂ ಊಟದ ಹೊತ್ತಾಯಿತು, ಉಂಡು ತರುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟುಹೋದ.

ಸಂದಿಯ ಮೂಲಕ ಮಗಳು ಎರಡು ಬಾಳೆಹಣ್ಣು ಇಳಿಬಿಟ್ಟಳು. ಬ್ರೆಡ್ಡು ಬೇಕಾದರೆ ಒಂದೊಂದೇ ತುಂಡು ತೂರಿಸಬಹುದು, ಕೊಡ್ಲಾ ಎಂದು ಕೇಳಿದಳು. ಬೇಡ ಎಂದೆ. ಮನುಷ್ಯನಿಗೆ ಮಾನವೂ ಮುಖ್ಯ. ಒಗೆಯುವ ಬಟ್ಟೆಗಳ ಬಕೆಟ್ಟನ್ನು ಬೋರಲು ಹಾಕಿ ಕೂತೆ.

ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಮ್ಮ ಸಾಹೇಬರು.

"ಎಲ್ಲಿದ್ದೀರಿ?" ಎಂದರು.

"ಮನೆಯಲ್ಲೇ, ಸಾರ್. ಸ್ವಲ್ಪ ಒಳಗಡೆ ಇದ್ದೀನಿ."

ಪರದೆ ಅಂಗಡಿಯವನ ಪ್ರಕರಣದ ಲಕೋಟೆಗೆ ಮುದ್ರೆ ಹಾಕುವ ಮೊದಲು ಟೇಪನ್ನು ಒಮ್ಮೆ ಪರೀಕ್ಷಿಸಿದೆ ಎಂದರು ಸಾಹೇಬರು. ಅಷ್ಟು ಚೊಕ್ಕವಾದ ಟೇಪನ್ನು ಅವರು ಇತ್ತೀಚೆಗೆ ನೋಡಿಯೇ ಇಲ್ಲವಂತೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಂಥ ಪ್ರಾಮಾಣಿಕ ವ್ಯಾಪಾರಿಯ ಮೇಲೆ ಯಾವ ಆಧಾರದಿಂದ ಕೇಸು ಹಾಕಿದಿರಿ, ಸೋಮವಾರ ಬಂದು ವಿವರಿಸಿ ಎಂದು ಫೋನಿಟ್ಟರು.

ನಾನು ಬಕೆಟ್ಟಿನಿಂದ ಎದ್ದು ನಿಂತೆ. ಅಂಗಡಿಯಿಂದ ಹಿಡಿದು ತಂದ ಟೇಪು, ಅದನ್ನು ಹೋಲಿಸಿ ನೋಡಲು ಒಯ್ದಿದ್ದ ನನ್ನ ಟೇಪು, ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದೆ. ಎರಡೂ ಹಳದಿ. ಎರಡೂ ಸುರುಳಿ. ಒಂದನ್ನು ತೆಗೆದು ಲಕೋಟೆಗೆ ಹಾಕಿದ್ದೆ, ಇನ್ನೊಂದನ್ನು ಮನೆಗೆ ತಂದಿದ್ದೆ. ಮಗಳನ್ನು ಕರೆದು ನನ್ನ ಚೀಲದಲ್ಲಿರುವ ಟೇಪು ಕೊಡು ಎಂದೆ. ಸಂದಿಯಿಂದ ಹಳದಿ ಸುರುಳಿ ಇಳಿದು ಬಂತು. ಬೆರಳಲ್ಲಿ ಸರಿಸುತ್ತಾ ಹೋದೆ. ನಲವತ್ತು, ನಲವತ್ತೊಂದು, ನಲವತ್ತೆರಡು, ನಲವತ್ತೆಂಟು.

ಊರ ಜನರೆದುರು ಭಾಷಣ ಮಾಡಿ ಹಿಡಿದ ಕಳ್ಳನನ್ನು ನಾನೇ ಚೀಲದಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದಿದ್ದೆ! ಅವನಿಂದಲೇ ಮನೆ ಅಳೆಸಿ, ಕೆಳಗೆ ರುಜು ಹಾಕಿದ್ದೆ!

"ಸಿಕ್ಕಿತಾ?" ಎಂದು ಹೆಂಡತಿ ಹೊರಗಿನಿಂದ ಕೇಳಿದಳು.

"ಸಿಕ್ಕಿತು," ಎಂದೆ.

ಊಟ ಮುಗಿಸಿ, ಬಹುಶಃ ಒಂದು ಸಣ್ಣ ನಿದ್ದೆಯನ್ನೂ ಮುಗಿಸಿ ಬಡಗಿ ಬಂದ. ನಾನು ಬಕೆಟ್ಟಿನ ಮೇಲೆ ನಿಂತು ಸಂದಿಯಿಂದ ಅವನ ಕ್ಷಮೆ ಕೇಳಿದೆ. ಅವನು ಅದನ್ನೂ ಒಳಜೇಬಿಗೆ ಹಾಕಿಕೊಂಡ ಹಾಗೆ ತಲೆಯಾಡಿಸಿದ. ಆರೂ ಡ್ರಾಯರುಗಳನ್ನು ತೆಗೆದು ಮೇಜನ್ನು ಹಗುರ ಮಾಡಿದರೆ ಎತ್ತಬಹುದೇನೋ ಎಂದು ಹೆಂಡತಿ ಹೇಳಿದಳು. ಹಾಗೆಯೇ ಮಾಡಿದರು. ಸನ್ನೆಕೋಲು ಹಾಕಿದರು. ಮೇಜು ನರಳಿ ಬಿಟ್ಟುಕೊಟ್ಟಿತು. ಎರಡೂವರೆ ಗಂಟೆಯ ಬಂಧನದ ನಂತರ ನಾನು ಹೊರಬಂದೆ. ಯಾರೂ ಹಾರ ಹಾಕಲಿಲ್ಲ.

ಈಗ ಮೇಜು ಹಾಲಿನ ನಟ್ಟನಡುವೆ ನಿಂತಿತ್ತು. ಅದನ್ನು ಸುತ್ತುಹಾಕದೆ ಅಡುಗೆಮನೆಗೆ ಹೋಗುವಂತಿಲ್ಲ. ಇದನ್ನು ಕತ್ತರಿಸಿ ಚಿಕ್ಕದು ಮಾಡು ಎಂದೆ ಬಡಗಿಗೆ. ಅವನು ತನ್ನ ಮಗುವಿನ ಕಾಲು ಕತ್ತರಿಸು ಎಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. ಕತ್ತರಿಸಿದರೆ ಡ್ರಾಯರು ಹೋಗುತ್ತದೆ, ಜೋಡಣೆ ಹೋಗುತ್ತದೆ, ಎಲ್ಲ ಬಿಚ್ಚಿ ಹೊಸದಾಗಿ ಮಾಡಬೇಕು, ಈಗ ಕೈಯಲ್ಲಿ ಬೇರೆಯವರ ಕೆಲಸವಿದೆ, ಒಂದು ತಿಂಗಳು ಬೇಕು ಎಂದ. ತಿಂಗಳು! ನಿಘಂಟು ಬರುವುದು ನಾಡಿದ್ದು.

ಹೆಂಡತಿಯ ಮುಖ ನೋಡಿದೆ. ಅವಳು ಕೋಪ ಮಾಡಿಕೊಂಡಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಊಟದ ಮೇಜಿನ ಮೇಲೆ ಒಂಬೈನೂರು ಪುಟ, ಅದರ ನಡುವೆ ನನ್ನ ಕಾಫಿ ಲೋಟ, ಮರ್ಯಾದೆಯಿಂದ ಮಾತಾಡುವ ಪ್ರೆಸ್ಸಿನವರು, ಎಲ್ಲ ಕಣ್ಣ ಮುಂದೆ ಬಂತು. ನನ್ನ ಜಂಭಕ್ಕೆ ಅವಳ ಹತ್ತು ವರ್ಷದ ಆಸೆ ಬಲಿಯಾಗಿತ್ತು.

"ಸದ್ಯಕ್ಕೆ ಆ ಕಿಟಕಿ ಹತ್ತಿರ ಸರಿಸಿ ನೋಡೋಣ," ಎಂದಳು ಅವಳು, ಮೆಲ್ಲಗೆ. "ದಾರಿಯಾದರೂ ಬಿಡುತ್ತೆ."

ಆರಾಮಕುರ್ಚಿಯನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ. ಬಡಗಿ ಮೇಜನ್ನು ಗೋಡೆಗೂ ಕಪಾಟಿಗೂ ನಡುವೆ ತಳ್ಳಿದ. ಅದು ಸುಯ್ಯನೆ ಹೋಗಿ ಕೂತಿತು. ಆ ಕಡೆ ಬೆರಳು ತೂರದು, ಈ ಕಡೆ ಬೆರಳು ತೂರದು. ಅಲ್ಲೇ ಹುಟ್ಟಿ ಬೆಳೆದ ಹಾಗೆ!

ಬಡಗಿ ಮೊದಲ ಬಾರಿಗೆ ನಕ್ಕ. ನನಗೋ ಹೋದ ಪ್ರಾಣ ಬಂತು, ಪ್ರಾಣದ ಹಿಂದೆಯೇ ಜಂಭವೂ ಬಂತು. ನೋಡಿದಿರಾ, ಈ ಕೈಯ ಅಳತೆ ತಪ್ಪಿದರೂ ಎಲ್ಲೋ ಒಂದು ಕಡೆ ಸರಿಯಾಗಿಯೇ ಕೂರುತ್ತದೆ ಎಂದುಬಿಟ್ಟೆ. ಮಗಳು ಬಚ್ಚಲಿನ ಕಡೆ ನೋಡಿದಳು. ನಾನು ವಿಷಯ ಬದಲಿಸಿದೆ.

ಸೋಮವಾರ ಕಚೇರಿಯಲ್ಲಿ ನಡೆದದ್ದನ್ನು ವಿವರವಾಗಿ ಬರೆಯಲಾರೆ. ಸಾಹೇಬರು ನನ್ನ ಕಥೆಯನ್ನು ಎರಡು ಸಲ ಹೇಳಿಸಿದರು. ಎರಡನೆಯ ಸಲ ಇಡೀ ಸಿಬ್ಬಂದಿಯನ್ನು ಕರೆಸಿ. ಟೇಪುಗಳು ತಮ್ಮತಮ್ಮ ಜಾಗಕ್ಕೆ ಸೇರಿದವು. ಸಂಜೆ ಮನೆಗೆ ಬಂದರೆ ನಿಘಂಟಿನ ಪುಟಗಳು ಬಂದಿದ್ದವು. ಆರು ಡ್ರಾಯರಿಗೆ ಆರು ಕಂತೆ. ಹೆಂಡತಿ ಕಿಟಕಿಯ ಬೆಳಕಿನಲ್ಲಿ ಕೂತಿದ್ದಳು. ಇಷ್ಟು ವರ್ಷ ಅದೇ ಬೆಳಕಿಗೆ ಪತ್ರಿಕೆ ಅಡ್ಡ ಹಿಡಿದು ನಿದ್ದೆ ಮಾಡಿದವನು ನಾನು ಎಂದು ನೆನೆದು ನಾಚಿಕೆಯಾಯಿತು. ನನ್ನ ಕುರ್ಚಿ ಅಷ್ಟರಲ್ಲಾಗಲೇ ಮೆಟ್ಟಿಲ ಕೆಳಗೆ ಹೋಗಿತ್ತು. ಅಲ್ಲಿ ಅದು ಚೆನ್ನಾಗಿ ಹಿಡಿಯಿತು. ನಾನು ಮಾತ್ರ ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ತಲೆ ಚಚ್ಚಿಕೊಳ್ಳುತ್ತೇನೆ.

ಮನೆಗೆ ಬಂದವರೆಲ್ಲ ಮೇಜನ್ನು ಮೆಚ್ಚುತ್ತಾರೆ. ಮೇಲಿನ ಗೂಡುಗಳು ಯಾಕೆ ಹೀಗೆ ಇಳಿಜಾರಾಗಿವೆ ಎಂದು ಕೇಳುತ್ತಾರೆ. ಅದು ಅವರ ವಿನ್ಯಾಸ ಎಂದು ಹೆಂಡತಿ ನನ್ನ ಕಡೆ ಕೈತೋರಿಸುತ್ತಾಳೆ. ಬಂದವರು ಬಗ್ಗಿ ನೋಡಿ ಮೆಟ್ಟಿಲ ಕೆಳಗಿರುವ ನನಗೆ ನಮಸ್ಕಾರ ಮಾಡುತ್ತಾರೆ.

ಹೀಗೆ ಎರಡು ವಾರ ಕಳೆಯಿತು. ಒಂದು ಸಂಜೆ ಅವಳು ಕೆಲಸ ಮಾಡುವುದನ್ನು ನೋಡುತ್ತಾ ಕೂತಿದ್ದೆ. ಪುಟದ ಮೇಲೆ ಬೆರಳು ಓಡುತ್ತಿತ್ತು. ಸರ್ರನೆ ಓಡುತ್ತಿದ್ದ ಬೆರಳು ಗಕ್ಕನೆ ನಿಂತಿತು. ಒಂದು ಪದಕ್ಕೆ ನಾಲ್ಕು ಅರ್ಥ ಕೊಟ್ಟು ಒಂದು, ಎರಡು, ನಾಲ್ಕು, ಐದು ಎಂದು ಅಂಕಿ ಹಾಕಿದ್ದಾರೆ, ಮೂರು ಬಿಟ್ಟುಹೋಗಿದೆ ಎಂದು ತನಗೆ ತಾನೇ ಹೇಳಿಕೊಂಡು ಕೆಂಪು ಗುರುತು ಹಾಕಿದಳು. ಒಂಬೈನೂರು ಪುಟದ ಇರುವೆಯಂಥ ಅಕ್ಷರಗಳ ನಡುವೆ ಕಾಣೆಯಾದ ಒಂದು ಅಂಕಿ ಇವಳ ಕಣ್ಣಿಗೆ ಬಿತ್ತು!

ನನಗೆ ಆಗ ಹೊಳೆಯಿತು. ಕುರ್ಚಿಯಿಂದ ಎದ್ದೆ. ತಲೆ ಚಚ್ಚಿಕೊಂಡೆ.

"ಇವಳೇ," ಎಂದೆ, ತಲೆ ಉಜ್ಜಿಕೊಳ್ಳುತ್ತಾ. "ಆವತ್ತು ಟೇಪು ಸುತ್ತಿದ್ದು ನೀನೇ ಅಲ್ವಾ? ನಲವತ್ತೆರಡು ಆದಮೇಲೆ ನಲವತ್ತೆಂಟು ಇದ್ದಿದ್ದು ನಿನಗೆ ಕಾಣಿಸಲಿಲ್ವಾ?"

ಅವಳು ತಲೆಯೆತ್ತಲಿಲ್ಲ. "ಕಾಣಿಸ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀವು ನಕ್ಷೆ ಬರೆಯೋಕೆ ಕೂತಿರಿ. ನಾನು ಹಾಗೇ ನನ್ನ ಸ್ಕೇಲು ತಗೊಂಡು ಈ ಕಿಟಕಿ ಜಾಗ ಅಳೆದೆ." ಅವಳು ಪುಟ ತಿರುಗಿಸಿದಳು. "ನೂರ ಐವತ್ತೊಂದು ಇತ್ತು ರೀ."

ನಾನು ಮೆಟ್ಟಿಲ ಕೆಳಗೆ ವಾಪಸ್ ಹೋಗಿ ಕೂತೆ.